ಟವೆಲ್ ತಡೆಯಲಾರದ ದೂಳು

ಇಳಕಲ್ ಎಂದರೆ ಹೆಂಗಳೆಯರಿಗೆ ಸೀರೆ, ಮನೆ ಕಟ್ಟುವವರಿಗೆ ಕೆಂಪು ಗ್ರಾನೈಟ್. ಹುನಗುಂದ, ಇಳಕಲ್ ಸೀಮೆಯ ಈ ಕಲ್ಲನ್ನು ಕೊರೆಯುವಾಗ, ಕೊಯ್ಯುವಾಗ ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡರೆ ಸಾಕೆಂಬ ನಂಬಿಕೆ ಗಟ್ಟಿಯಾಗಿದೆ. ಅದು ಸಾಲದು. ಏಕೆಂಬುದಕ್ಕೆ ಉತ್ತರ ನಮ್ಮ ಎದೆಗೂಡಿನೊಳಗೇ ಇದೆ. ಶ್ವಾಸನಾಳ ಒಳಗೆ ಹೋದಂತೆ ಎರಡೆರಡಾಗಿ ಸುಮಾರು 23 ಸಲ ಕವಲೊಡೆಯುತ್ತದೆ. ಮೊದಲ 16 ಕವಲುಗಳವರೆಗೆ ಕಾವಲು ಬಿಗಿಯಾಗಿದೆ. ದಪ್ಪ ಕಣಗಳನ್ನು ಮೂಗೇ ಹಿಡಿಯುತ್ತದೆ. ತಪ್ಪಿಸಿಕೊಂಡವು ನಾಳದ ಲೋಳೆಗೆ ಅಂಟುತ್ತವೆ, ಸೂಕ್ಷ್ಮ ರೋಮಗಳು ಅದನ್ನು ಗಂಟಲಿಗೆ ತಳ್ಳುತ್ತವೆ. ಸಂಜೆ ಉಗುಳಿದ ಕಫದಲ್ಲಿ ಕಾಣುವ ದೂಳು ಹೀಗೆ ಸೋತ ದೂಳು. ಗೆಲ್ಲುವುದು ಕಾಣದ ದೂಳು, ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ಸಣ್ಣದು. ಟವೆಲಿನ ನೂಲುಗಳ ಸಂದು ಅದಕ್ಕೆ ಹೆಬ್ಬಾಗಿಲು.

ಅದು ಸೇರುವುದು ನಾಳಗಳ ತುದಿಯ ಗಾಳಿಗೂಡುಗಳನ್ನು. ಅವು ಕೋಟಿಗಟ್ಟಲೆ ಇವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ 750 ಚದರಡಿಯ ಮನೆಯ ನೆಲವನ್ನು ಮುಚ್ಚಬಹುದು. ಆಮ್ಲಜನಕ ರಕ್ತಕ್ಕೆ ದಾಟಬೇಕಾದ್ದರಿಂದ ಅವುಗಳ ಗೋಡೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟೂ ದಪ್ಪವಿಲ್ಲ. ಲೋಳೆ, ರೋಮ ಅಲ್ಲಿದ್ದರೆ ಉಸಿರೇ ನಿಲ್ಲುತ್ತದೆ. ಆದ್ದರಿಂದ ಕಾವಲಿಗೆ ಉಳಿದದ್ದು ಕಣ ನುಂಗುವ ಬಿಳಿ ಜೀವಕೋಶಗಳು ಮಾತ್ರ. ಮಣ್ಣಿನ ಎಷ್ಟೋ ಕಣಗಳನ್ನು ಅವು ಸಾಗಹಾಕುತ್ತವೆ. ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆಯ ಚೂರನ್ನು ನುಂಗಿದ ಕೋಶ ತಾನೇ ಸಾಯುತ್ತದೆ. ಚೂರು ಹೊರಬೀಳುತ್ತದೆ, ಮತ್ತೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಉರಿಯೂತ ಆರದೆ ಗೂಡುಗಳ ಸುತ್ತ ಗಾಯದ ಗಂಟು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಹುದು. ಗಂಟನ್ನು ಕರಗಿಸುವ ಔಷಧವಿಲ್ಲ.

ಬಾದಾಮಿಯಲ್ಲಿ ಕ್ರಿ.ಶ. 578ರ ಶಾಸನವಿರುವ ಗುಹೆಯನ್ನೇ ಕೊರೆದವರ ನಾಡಿದು, ಹೊಸ ಭಯವೇಕೆ ಎಂದು ಕೇಳಬಹುದು. ಬಾದಾಮಿಯ ಮರಳುಗಲ್ಲಿನಲ್ಲಿ ಸ್ಫಟಿಕಶಿಲೆ ಗ್ರಾನೈಟಿಗಿಂತ ಹೆಚ್ಚೇ ಇದೆ, ನಿಜ. ಉಳಿ ಸುತ್ತಿಗೆಯೂ ನಿರಪಾಯಕಾರಿಯಲ್ಲ. ಆದರೆ ಉಳಿಯ ಪೆಟ್ಟಿಗೆ ಹೆಚ್ಚಾಗಿ ಚಕ್ಕೆ ಏಳುತ್ತದೆ. ಒಣ ಕಲ್ಲಿನ ಮೇಲೆ ತಿರುಗುವ ಡ್ರಿಲ್ಲು, ಕಟರ್ ಕ್ಷಣಮಾತ್ರದಲ್ಲಿ ಕಾಣದ ದೂಳಿನ ಮೋಡವನ್ನೇ ಎಬ್ಬಿಸುತ್ತವೆ. ‘ಹತ್ತು ವರ್ಷದಿಂದ ಮಾಡುತ್ತಿದ್ದೇನೆ, ಏನೂ ಆಗಿಲ್ಲ’ ಎಂಬ ಮಾತು ಇನ್ನೂ ಅಪಾಯದ್ದು. ಶ್ವಾಸಕೋಶಕ್ಕೆ ನಿತ್ಯದ ಅಗತ್ಯಕ್ಕಿಂತ ಬಹಳ ಹೆಚ್ಚು ಸಾಮರ್ಥ್ಯವಿದೆ, ಹಾಗಾಗಿ ಸಾಕಷ್ಟು ಹಾಳಾಗುವವರೆಗೂ ಏದುಸಿರು ಬರುವುದಿಲ್ಲ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಸಿಕ್ಕಿತು. ಅವರೂ ಪ್ರತಿದಿನ ಗಣಿಗಿಳಿಯುತ್ತಿದ್ದ ದುಡಿಮೆಗಾರರೇ.

ಮೂಗಿನ ಹತ್ತಿರ ತಡೆಯುವುದು ತಡವಾದ ಉಪಾಯ. ಕಲ್ಲಿನ ಹತ್ತಿರವೇ ತಡೆಯಬೇಕು. ಡ್ರಿಲ್ಲಿನ ಬಾಯಿಗೆ, ಕಟರಿನ ಅಲಗಿಗೆ ನೀರು ಹರಿಸಿದರೆ ದೂಳಿನ ಬಹುಪಾಲು ಕೆಸರಾಗಿ ನೆಲಕ್ಕಿಳಿಯುತ್ತದೆ. ಬೇಸಿಗೆಯಲ್ಲಿ ಕುಡಿಯಲೇ ನೀರಿಲ್ಲ ಎನ್ನುವ ಆಕ್ಷೇಪಕ್ಕೆ ತೂಕವಿದೆ, ಆದರೆ ಕೆಸರನ್ನು ತೊಟ್ಟಿಯಲ್ಲಿ ತಂಗಿಸಿ ಅದೇ ನೀರನ್ನು ಮತ್ತೆ ಬಳಸಬಹುದು. ಈ ಖರ್ಚು ಮಾಲೀಕರದ್ದು, ಕೂಲಿಯವನದ್ದಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. ಎಕ್ಸ್‌ರೇಯಲ್ಲಿ ಒಂದನ್ನು ಇನ್ನೊಂದೆಂದು ಭ್ರಮಿಸುವುದೂ ಉಂಟು. ಕೆಮ್ಮೆಂದು ಬಾಗಲಕೋಟೆಯ ಆಸ್ಪತ್ರೆಗೇ ಹೋಗಿ, ಊರಿನ ಡಾಕ್ಟರ ಬಳಿಯೇ ಹೋಗಿ, ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ.