‘ಮುಂದೆ ಅಪ್‌ಗ್ರೇಡ್ ಮಾಡಬಹುದು’ ಅಂತ ಕೊಂಡ ಸೆಟ್ಟು: ಕಂಪನಿ ಕೈಬಿಟ್ಟರೆ ಗ್ರಾಹಕನ ಗತಿಯೇನು?

“ಈಗ ಇದನ್ನೇ ತಗೊಳ್ಳಿ, ಮುಂದೆ ಬೇಕಾದಾಗ ಒಂದು ಬೋರ್ಡ್ ಹಾಕಿದ್ರೆ ಆಯ್ತು.” ಆಡಿಯೋ ಅಂಗಡಿಗಳಲ್ಲಿ ಇದು ಮಾಮೂಲಿ ಮಾತು. ಮನೆಗೆ ಹೋಮ್ ಥಿಯೇಟರ್ ಕೊಳ್ಳುವವರು, ಮಸೀದಿ-ಮದ್ರಸಕ್ಕೆ ಆಂಪ್ಲಿಫಯರ್ ನೋಡುವ ಕಮಿಟಿಯವರು, ಮದುವೆಗೆ ಸೌಂಡ್ ಬಾಡಿಗೆಗೆ ಕೊಡುವ ಹುಡುಗರು, ಎಲ್ಲರೂ ಈ ಮಾತಿಗಾಗಿ ಸ್ವಲ್ಪ ಹೆಚ್ಚೇ ದುಡ್ಡು ಕೊಡುತ್ತಾರೆ. ಮೂರ್ನಾಲ್ಕು ವರ್ಷ ಕಳೆದು ಆ ಬೋರ್ಡ್ ಕೇಳಲು ಹೋದರೆ ಉತ್ತರ ಬೇರೆ: “ಆ ಮಾಡೆಲ್ ಕಂಪನಿಯೇ ನಿಲ್ಲಿಸಿದೆ.” ಸೆಟ್ಟು ಕೆಟ್ಟಿರುವುದಿಲ್ಲ, ಶಬ್ದ ಚೆನ್ನಾಗಿಯೇ ಬರುತ್ತಿರುತ್ತದೆ. ಆದರೆ ಯಾವುದಕ್ಕೆಂದು ಹೆಚ್ಚು ಹಣ ಕೊಟ್ಟರೋ ಅದು ಮಾತ್ರ ಸಿಗುವುದಿಲ್ಲ. ಗ್ರಾಹಕನಿಗೆ ಸಿಟ್ಟು ಬರುವುದು ಅಲ್ಲೇ.

ನೀಲಗಿರಿಯಂಥ ಗುಡ್ಡಗಾಡಿನಲ್ಲಿ ಈ ನಷ್ಟ ದುಪ್ಪಟ್ಟು. ಗೂಡಲೂರು, ಮಸಿನಗುಡಿ ಕಡೆಯವರು ದೊಡ್ಡ ಬ್ರ್ಯಾಂಡ್‌ಗಳ ಸರ್ವಿಸ್‌ಗೆ ಹೆಚ್ಚಾಗಿ ಮೈಸೂರು ಅಥವಾ ಕೊಯಮತ್ತೂರಿಗೆ ಇಳಿಯಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. ಒಂದು ಬೋರ್ಡ್ ವಿಚಾರಿಸಿ ಬರುವುದಕ್ಕೆ ಒಂದು ದಿನದ ವ್ಯಾಪಾರ ಹೋಯಿತು ಅಂತಲೇ ಲೆಕ್ಕ.

ಊಟಿಗೆ ಗೊತ್ತಿರುವ ಪಾಠ

ಸಾಮಾನು ಗಟ್ಟಿಯಾಗಿದ್ದರೂ ಅದಕ್ಕೆ ಬೇಕಾದದ್ದು ಸಿಗದೆ ಹೋಗುವ ಕಥೆ ಊಟಿಗೆ ಹೊಸತಲ್ಲ. ಇಲ್ಲಿನ ಇಂದುನಗರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ, 1967ರಿಂದ ‘ಇಂದು’ ಹೆಸರಿನ ಫಿಲ್ಮ್ ತಯಾರಿಸಿತು. ಡಿಜಿಟಲ್ ಬಂದ ಮೇಲೆ ಬೇಡಿಕೆ ಕುಸಿಯಿತು, 2014ರಲ್ಲಿ ಕೇಂದ್ರ ಸರಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ರೀಲು ಹಾಕುವ ಎಷ್ಟೋ ಒಳ್ಳೆಯ ಕ್ಯಾಮೆರಾಗಳು ಈಗ ಕಪಾಟಿನಲ್ಲಿವೆ. ಕ್ಯಾಮೆರಾ ಕೆಟ್ಟದ್ದಲ್ಲ, ಅದರ ಹೊಟ್ಟೆಗೆ ಹಾಕುವ ಫಿಲ್ಮ್ ಸಿಗುವುದು ಕಷ್ಟವಾಯಿತು. ಆಡಿಯೋದಲ್ಲಿ ಆಗುತ್ತಿರುವುದೂ ಇದೇ.

ಕಂಪನಿಗಳು ನಿಲ್ಲಿಸುವುದು ಯಾಕೆ?

ಎಲ್ಲವೂ ಮೋಸ ಅಂತ ಹೇಳಲಾಗದು. ಒಂದು ಕಾರಣ ಐಸಿ. ಸೆಟ್ಟಿನ ಒಳಗಿನ ಐಸಿಗಳನ್ನು ಹೆಚ್ಚಿನ ಕಂಪನಿಗಳು ಹೊರಗಿನಿಂದ ಕೊಳ್ಳುತ್ತವೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಅದರ ಐಸಿ ನಂಬಿದ್ದ ಆಡಿಯೋ ಕಂಪನಿಗಳು ತಮ್ಮ ಮಾಡೆಲ್‌ಗಳ ವಿನ್ಯಾಸವನ್ನೇ ಬದಲಿಸಬೇಕಾಯಿತು. ಇನ್ನೊಂದು ಕಾರಣ ವ್ಯಾಪಾರದ ಲೆಕ್ಕ. ಸಾವಿರ ಜನ ಸೆಟ್ಟು ಕೊಂಡರೂ ನಂತರ ಬೋರ್ಡ್ ಕೊಳ್ಳುವವರು ಕೆಲವರೇ. ಆ ಕೆಲವರಿಗಾಗಿ ಮಾಲು ಇಟ್ಟುಕೊಂಡರೆ ಅದು ಡೆಡ್ ಸ್ಟಾಕ್. ಹೊಸ ಸೆಟ್ಟು ಮಾರಿದರೆ ಲಾಭ ಜಾಸ್ತಿ. ಮೂರನೆಯದು, ಹಳೆಯ ಸೆಟ್ಟಿನ ಮೆಮೊರಿ, ಪ್ರೊಸೆಸರ್ ಹೊಸ ಸಾಫ್ಟ್‌ವೇರಿಗೆ ಸಾಲದೆ ಹೋಗುವುದು.

ಈ ಮೂರನೇ ಕಾರಣವನ್ನೇ ಹೇಳಿ ಅಮೆರಿಕದ ಸೋನೋಸ್ ಕಂಪನಿ 2020ರ ಜನವರಿಯಲ್ಲಿ, ಮೇ ತಿಂಗಳಿಂದ ತನ್ನ ಹಳೆಯ ಸ್ಪೀಕರ್‌ಗಳಿಗೆ ಅಪ್‌ಡೇಟ್ ಇಲ್ಲ ಎಂದಿತು. ಹಳೆಯದು, ಹೊಸದು ಒಂದೇ ಸಿಸ್ಟಮ್‌ನಲ್ಲಿದ್ದರೆ ಹೊಸದಕ್ಕೂ ಅಪ್‌ಡೇಟ್ ಇಲ್ಲ! ಒಂದೊಂದೇ ಸ್ಪೀಕರ್ ಸೇರಿಸುತ್ತಾ ಹೋಗಬಹುದು ಎಂದು ನಂಬಿ ಕೊಂಡವರು ರೊಚ್ಚಿಗೆದ್ದರು. ಎರಡೇ ದಿನದಲ್ಲಿ ಕಂಪನಿಯ ಸಿಇಒ ಕ್ಷಮೆ ಕೇಳಿದರು. ಹಳೆಯ ಸೆಟ್ಟುಗಳಿಗೆ ಬೇರೆಯೇ ಆ್ಯಪ್ ಉಳಿಸಿಕೊಳ್ಳಲಾಯಿತು.

ಬೋಸ್ ಕಂಪನಿ 2025ರ ಅಕ್ಟೋಬರ್‌ನಲ್ಲಿ, ಸೌಂಡ್‌ಟಚ್ ಸ್ಪೀಕರ್‌ಗಳ ಕ್ಲೌಡ್ ಸೇವೆಯನ್ನು 2026ರಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿತು. ಆದರೆ ಬ್ಲೂಟೂತ್, ಆಕ್ಸ್ ಇರುವ ಮಾಡೆಲ್‌ಗಳಲ್ಲಿ ಆ ದಾರಿಗೆ ತೊಂದರೆ ಇಲ್ಲ.

ಇದಕ್ಕೆ ಪೂರ್ತಿ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ಲಾಜಿಟೆಕ್ ಕಂಪನಿ ತನ್ನ ಸ್ಕ್ವೀಝ್‌ಬಾಕ್ಸ್ ಮ್ಯೂಸಿಕ್ ಪ್ಲೇಯರ್‌ಗಳನ್ನು 2012ರಲ್ಲೇ ನಿಲ್ಲಿಸಿತು. ಅದರ ಸರ್ವರ್ ಸಾಫ್ಟ್‌ವೇರ್ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿದ್ದರಿಂದ ಬಳಕೆದಾರರೇ ಅದನ್ನು ಮುಂದುವರಿಸಿದರು. ಈಗ ‘ಲಿರಿಯನ್’ ಎಂಬ ಹೆಸರಲ್ಲಿ ಅದು ನಡೆಯುತ್ತಿದೆ.

ಹೆಚ್ಚುವರಿ ಹಣ ಅಂದ್ರೆ ಮುಂಗಡ

ಒಂದು ಲೆಕ್ಕ ನೋಡೋಣ. ಸಾದಾ ಸೆಟ್ಟಿಗೆ 28,000 ರೂಪಾಯಿ, ಅಪ್‌ಗ್ರೇಡ್ ಆಗುವ ಸೆಟ್ಟಿಗೆ 40,000 ಅಂತ ಇಟ್ಟುಕೊಳ್ಳಿ. ನಡುವಿನ 12,000 ಯಾತಕ್ಕೆ? ಇನ್ನೂ ತಯಾರಾಗದ, ಬೆಲೆ ಗೊತ್ತಿಲ್ಲದ, ಯಾವಾಗ ಬರುತ್ತದೆ ಅಂತಲೂ ಹೇಳದ ಒಂದು ಬೋರ್ಡಿಗೆ ಕೊಟ್ಟ ಮುಂಗಡ ಅದು. ಅಕ್ಕಿ, ಸಿಮೆಂಟ್, ಮರ ಯಾವುದಕ್ಕೇ ಮುಂಗಡ ಕೊಟ್ಟರೂ ರಶೀದಿ ಕೇಳುವವರು, ಇಲ್ಲಿ ಮಾತ್ರ ಬಾಯಿಮಾತಿಗೆ ದುಡ್ಡು ಎಣಿಸುತ್ತಾರೆ. ಮುಂಗಡ ಅಂತ ತಿಳಿದುಕೊಂಡರೆ ಕೇಳಬೇಕಾದ ಪ್ರಶ್ನೆಗಳು ತಾನಾಗಿಯೇ ಹೊಳೆಯುತ್ತವೆ.

ಕೊಳ್ಳುವ ಮುಂಚೆ

* ಅಪ್‌ಗ್ರೇಡ್ ಬೋರ್ಡ್ ಈಗಲೇ ಮಾರಾಟಕ್ಕಿದೆಯೇ? ಇದ್ದರೆ ಅದರ ಬೆಲೆ ಕೇಳಿ. “ಬರುತ್ತೆ” ಅಂದ್ರೆ ಆ ಲೆಕ್ಕವನ್ನು ಸೊನ್ನೆ ಅಂತಲೇ ಹಿಡಿಯಿರಿ.

* ಎಷ್ಟು ವರ್ಷ ಸ್ಪೇರ್ ಪಾರ್ಟ್ ಸಿಗುತ್ತದೆ, ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂಬುದನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಅಥವಾ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕಂಪನಿಯ ಜಾಹೀರಾತು, ಬ್ರೋಷರ್ ಇದ್ದರೆ ಫೋಟೋ ತೆಗೆದಿಡಿ.

* ಆ್ಯಪ್ ಇಲ್ಲದೆ, ಇಂಟರ್‌ನೆಟ್ ಇಲ್ಲದೆ ಸೆಟ್ಟು ನಡೆಯುತ್ತದೆಯೇ ಅಂತ ಅಂಗಡಿಯಲ್ಲೇ ಹಾಕಿಸಿ ನೋಡಿ. ಆಕ್ಸ್ ಅಥವಾ ಆರ್‌ಸಿಎ ಇನ್‌ಪುಟ್ ಇರಲೇಬೇಕು.

* ಸಾಧ್ಯವಾದರೆ ಬಿಡಿಬಿಡಿಯಾಗಿ ಕೊಳ್ಳಿ. ಸ್ಪೀಕರ್, ಆಂಪ್ಲಿಫಯರ್ ಬೇಗ ಹಳತಾಗುವುದಿಲ್ಲ. ಹಳತಾಗುವುದು ಬ್ಲೂಟೂತ್, ವೈಫೈ ಭಾಗ. ಅದು ಪ್ರತ್ಯೇಕ ಸಣ್ಣ ಡಬ್ಬಿಯಾಗಿದ್ದರೆ ಅದನ್ನಷ್ಟೇ ಬದಲಿಸಿದರೆ ಸಾಕು.

* ಮಸೀದಿ, ಹಾಲ್‌ಗಳಿಗೆ 100 ವೋಲ್ಟ್ ಲೈನ್ ಔಟ್‌ಪುಟ್ ಇರುವ ಆಂಪ್ಲಿಫಯರ್ ಮೇಲು. ಕಂಪನಿ ಬದಲಾದರೂ, ವ್ಯಾಟ್ ಹೊಂದಿಕೆಯಾದರೆ, ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿದ ಹಳೆಯ ಹಾರ್ನ್‌ಗಳು ಅದೇ ವೈರಿನಲ್ಲಿ ಕೆಲಸ ಮಾಡುತ್ತವೆ.

* ಗಲ್ಫ್‌ನಿಂದ ತರಿಸುವ ಸೆಟ್ಟಿಗೆ ಇಲ್ಲಿ ವಾರಂಟಿ ಉಂಟೋ ಇಲ್ಲವೋ ಮೊದಲೇ ವಿಚಾರಿಸಿ. ಅಲ್ಲಿ ಅಗ್ಗ ಅಂತ ತಂದದ್ದು ಇಲ್ಲಿ ರಿಪೇರಿಗೆ ದುಬಾರಿಯಾಗಬಹುದು.

ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ

ಮೊದಲು ಸೆಟ್ಟನ್ನು ಗುಜರಿಗೆ ಹಾಕಬೇಡಿ. ಆಕ್ಸ್ ಇದ್ದರೆ ಸಣ್ಣ ಬ್ಲೂಟೂತ್ ರಿಸೀವರ್ ಹಾಕಿದರೆ ಮೊಬೈಲ್‌ನಿಂದ ಕೇಳಲು ಸಾಕಾಗುತ್ತದೆ. ಕಂಡೆನ್ಸರ್, ಸ್ವಿಚ್, ಪವರ್ ಸಪ್ಲೈ ಹೋಗಿದ್ದರೆ ಊರಿನ ಒಳ್ಳೆಯ ಮೆಕ್ಯಾನಿಕ್ ಸರಿಮಾಡಬಲ್ಲರು. ನೀಲಗಿರಿಯ ಮಳೆ-ಮಂಜಿಗೆ ಪಿನ್‌ಗಳು ಕಿಲುಬು ಹಿಡಿಯುವುದರಿಂದ, ಎಷ್ಟೋ ಸಲ ಬರೀ ಕ್ಲೀನ್ ಮಾಡಿದರೆ ಶಬ್ದ ಸರಿಯಾಗುತ್ತದೆ.

ಮಾಡೆಲ್ ನಿಲ್ಲಿಸಿದ ಮಾತ್ರಕ್ಕೆ ಕಂಪನಿ ತಪ್ಪು ಮಾಡಿತು ಅಂತ ಆಗುವುದಿಲ್ಲ. ಆದರೆ ಅಪ್‌ಗ್ರೇಡ್ ಸಿಗುತ್ತದೆ ಎಂದು ಜಾಹೀರಾತಿನಲ್ಲಿ ಅಥವಾ ಬರಹದಲ್ಲಿ ಹೇಳಿ ಮಾರಿ, ಆಮೇಲೆ ಕೈಬಿಟ್ಟಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ದಾರಿಯಿದೆ. ಮೊದಲು ಕಂಪನಿಗೆ ಲಿಖಿತವಾಗಿ ಕೇಳಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾಲು ಮೈಸೂರಲ್ಲಿ ಕೊಂಡಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದ್ರೆ ಗೂಡಲೂರಿನವರಿಗೆ ಊಟಿಯೇ ಸಾಕು. ಮಾಲಿಗೆ ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದನ್ನು ಮರೆಯಬಾರದು.

ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ‘ರಿಪೇರಿ ಹಕ್ಕು’ ಪೋರ್ಟಲ್ ಆರಂಭಿಸಿದೆ. ಸರ್ವಿಸ್, ಸ್ಪೇರ್ ಪಾರ್ಟ್, ವಾರಂಟಿಯ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ಕೊಳ್ಳುವ ಮುಂಚೆ ಒಮ್ಮೆ ನೋಡುವುದು ಒಳ್ಳೆಯದು.

ಮನೆಯ ಸೆಟ್ಟಿನ ನಷ್ಟ ಒಬ್ಬರ ಜೇಬಿನದು. ಕಮಿಟಿ ಕೊಳ್ಳುವ ಮೈಕ್ ಸೆಟ್ಟಿನಲ್ಲಿ ಹತ್ತಾರು ಮನೆಗಳ ವಂತಿಗೆ ಇರುತ್ತದೆ. ಹಾಗಾಗಿ ಮಾಡೆಲ್ ನಂಬರ್, ಬಿಲ್ಲಿನ ಪ್ರತಿ, ಅಂಗಡಿಯವರು ಬರೆದುಕೊಟ್ಟ ಮಾತು ಈ ಮೂರನ್ನೂ ಕಮಿಟಿಯ ಮಿನಿಟ್ಸ್ ಪುಸ್ತಕಕ್ಕೆ ಅಂಟಿಸಿಡುವುದು ಒಳ್ಳೆಯದು. ಐದು ವರ್ಷ ಕಳೆದು ಕಮಿಟಿ ಬದಲಾಗಿ, ಹೊಸಬರು ಬೋರ್ಡ್ ಕೇಳಲು ಹೋದಾಗ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.