ಮಾವನಿಗೆ ಹಾಕದ ಮಣೆ

ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ನಡುವೆ ಹಬ್ಬಿರುವ ವಿಶಾಲವಾದ ಆವರಣವನ್ನು ಹಳೆಯ ಬೆಂಗಳೂರಿಗರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯೇ ಅದು. 1935-36ರ ಚಳಿಗಾಲದಲ್ಲಿ, ಅಲ್ಲಿಯ ಪ್ರಾಧ್ಯಾಪಕರ ಸಭೆಯೊಂದರಲ್ಲಿ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಎದ್ದು ನಿಂತು ಅತಿಥಿಯೊಬ್ಬರ ಗುಣಗಾನ ಮಾಡತೊಡಗಿದರು. ಇವರನ್ನು ಇಲ್ಲಿಯೇ ಕಾಯಂ ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಳ್ಳಬೇಕೆಂಬುದು ಅವರ ಸೂಚನೆ. ಆ ಅತಿಥಿ ಸಭೆಯಲ್ಲಿಯೇ ಕುಳಿತಿದ್ದರು. ರಾಮನ್ನರ ಮಾತು ಮುಗಿಯುತ್ತಲೇ ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಪ್ರಾಧ್ಯಾಪಕರೊಬ್ಬರು ಎದ್ದು, ತನ್ನ ದೇಶದಿಂದಲೇ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಯೊಬ್ಬ ಈ ಸಂಸ್ಥೆಗೆ ತಕ್ಕವನಲ್ಲ ಎಂಬ ಅರ್ಥದ ಮಾತುಗಳನ್ನಾಡಿಬಿಟ್ಟರು. ಅತಿಥಿಯು ಮನೆಗೆ ಮರಳಿ, ಮಡದಿಯ ಮುಂದೆ ಕುಳಿತು ಅತ್ತುಬಿಟ್ಟರು. ಐವತ್ತಮೂರು ವರ್ಷ ವಯಸ್ಸಿನ ಆ ಮನುಷ್ಯ ಇದನ್ನು ಮುಂದೆ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ಅವರ ಹೆಸರು ಮ್ಯಾಕ್ಸ್ ಬಾರ್ನ್.

ಭೌತವಿಜ್ಞಾನವನ್ನು ಓದಿದ ವಾಚಕರಿಗೆ ಆ ಹೆಸರಿನ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಉಳಿದವರಿಗೆ ಇಷ್ಟು ಹೇಳಿದರೆ ಸಾಕು: ಅಣುವಿನ ಒಳಗಿನ ವ್ಯಾಪಾರಗಳನ್ನು ವಿವರಿಸುವ ಹೊಸ ಶಾಸ್ತ್ರಕ್ಕೆ ‘ಕ್ವಾಂಟಮ್ ಮೆಕ್ಯಾನಿಕ್ಸ್’ ಎಂದು 1924ರಲ್ಲಿ ನಾಮಕರಣ ಮಾಡಿದವರು ಅವರು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಹೈಸೆನ್‌ಬರ್ಗ್, ಪೌಲಿ ಮೊದಲಾದವರು ಅವರ ಕೈಕೆಳಗೆ ಸಹಾಯಕರಾಗಿದ್ದವರು; ಅಮೆರಿಕದ ಓಪನ್‌ಹೈಮರ್ ಅವರ ಬಳಿ ಡಾಕ್ಟರೇಟ್ ಪಡೆದವರು. ಅಂತಹವರು ‘ಎರಡನೆಯ ದರ್ಜೆ’ಯವರಾದದ್ದು ಹೇಗೆ? 1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರ ಒಂದು ಶಾಸನವನ್ನು ಹೊರಡಿಸಿತು. ಯೆಹೂದ್ಯರು ಸರ್ಕಾರಿ ಹುದ್ದೆಗಳಲ್ಲಿ ಇರತಕ್ಕದ್ದಲ್ಲ ಎಂಬುದು ಅದರ ತಿರುಳು. ಜರ್ಮನಿಯಲ್ಲಿ ಪ್ರಾಧ್ಯಾಪಕರೂ ಸರ್ಕಾರಿ ನೌಕರರೇ. ಆ ತಿಂಗಳು ಮುಗಿಯುವಷ್ಟರಲ್ಲಿ ಬಾರ್ನರಿಗೆ ಕೆಲಸವಿರಲಿಲ್ಲ. ಕೇಂಬ್ರಿಜ್ ಅವರಿಗೆ ತಾತ್ಕಾಲಿಕವಾದ ಉಪನ್ಯಾಸಕ ಸ್ಥಾನವೊಂದನ್ನು ಕೊಟ್ಟಿತು. ಅದು ಮೂರು ವರ್ಷದ ಮಾತು. ಅವಧಿ ಮುಗಿಯುತ್ತ ಬಂದಿದ್ದಾಗ ರಾಮನ್ನರ ಕರೆ ಬಂದಿತು.

ರಾಮನ್ನರ ಲೆಕ್ಕಾಚಾರ ಬಹು ಸರಳವಾಗಿತ್ತು. ಜರ್ಮನಿ ತನ್ನ ಮನೆಯ ಚಿನ್ನವನ್ನು ತಾನೇ ಬೀದಿಗೆ ಎಸೆಯುತ್ತಿರುವಾಗ, ಕೈಚಾಚಿ ಎತ್ತಿಕೊಳ್ಳುವುದಕ್ಕೆ ಬೆಂಗಳೂರಿಗೇನು ಅಡ್ಡಿ? ಈ ಯೋಚನೆಯ ಹಿಂದಿದ್ದ ದೂರದೃಷ್ಟಿಯನ್ನು ಇಂದು ಯಾರೂ ಅಲ್ಲಗಳೆಯರು. ಬಾರ್ನ್ ದಂಪತಿಗಳು ಸುಮಾರು ಆರು ತಿಂಗಳು ಇಲ್ಲಿದ್ದರು. ಬಾರ್ನರು ಉಪನ್ಯಾಸ ಕೊಟ್ಟರು. ರಾಮನ್ನರ ಶಿಷ್ಯರಾದ ನಾಗೇಂದ್ರನಾಥರ ಜೊತೆಗೂಡಿ ಬೆಳಕಿನ ಸ್ವರೂಪವನ್ನು ಕುರಿತು ಸಂಶೋಧನೆ ನಡೆಸಿದರು. ಅದರ ಫಲ 1936ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹವೆ ಹಿತವಾಗಿತ್ತು, ಜನರು ಸ್ನೇಹಪರರಾಗಿದ್ದರು. ಕೊರತೆಯಾಗಿದ್ದುದು ಒಂದು ಕುರ್ಚಿ ಮಾತ್ರ.

ಆ ಕುರ್ಚಿ ಸಿಗದುದಕ್ಕೆ ಆಂಗ್ಲ ಪ್ರಾಧ್ಯಾಪಕರ ಕಟುನುಡಿಯೊಂದೇ ಕಾರಣವೆಂದರೆ ಪೂರ್ಣ ಸತ್ಯವಾಗಲಾರದು. ರಾಮನ್ನರು ಸಂಸ್ಥೆಯ ಹಣವನ್ನೆಲ್ಲ ಭೌತವಿಜ್ಞಾನಕ್ಕೇ ಸುರಿಯುತ್ತಿದ್ದಾರೆ ಎಂಬ ಅಸಮಾಧಾನ ಇತರ ವಿಭಾಗಗಳಲ್ಲಿ ಆಗಲೇ ಹೊಗೆಯಾಡುತ್ತಿತ್ತು. ಬಾರ್ನರಿಗೆ ಸ್ಥಾನ ಕೊಡಬೇಕಾದರೆ ಇಲ್ಲದ ಹುದ್ದೆಯೊಂದನ್ನು ಹುಟ್ಟಿಸಬೇಕಾಗಿತ್ತು. ಹೊಸದಾಗಿ ಹುಟ್ಟುವ ಹುದ್ದೆ ಹಳಬರೆಲ್ಲರ ಕಣ್ಣಿಗೆ ತಮ್ಮ ಪಾಲಿನಿಂದ ಕಿತ್ತ ತುತ್ತಾಗಿ ಕಾಣುವುದು ಎಲ್ಲ ಕಛೇರಿಗಳಲ್ಲೂ ಇದ್ದದ್ದೇ. ಅತಿಥಿಯಾಗಿ ಬಂದಾಗ ಮಣೆ ಹಾಕಿದವರು, ಆತ ಮನೆಯವನಾಗುತ್ತಾನೆಂದೊಡನೆ ಮಣೆಯನ್ನು ಎತ್ತಿಟ್ಟರು. ರಾಮನ್ನರು ಕೂಡ 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು.

ಬಾರ್ನ್ ಇಂಗ್ಲೆಂಡಿಗೆ ಮರಳಿದಾಗ ಅವರ ಮುಂದಿದ್ದುದು ಮಾಸ್ಕೋದಿಂದ ಬಂದ ಆಹ್ವಾನವೊಂದೇ. ಅದನ್ನು ಒಪ್ಪುವ ಯೋಚನೆಯಲ್ಲಿದ್ದಾಗಲೇ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕ ಪೀಠವೊಂದು ತೆರವಾಯಿತು. 1936ರಲ್ಲಿ ಅದು ಅವರಿಗೆ ದೊರೆಯಿತು. 1939ರ ಆಗಸ್ಟ್ 31ರಂದು ಅವರು ಬ್ರಿಟಿಷ್ ಪ್ರಜೆಯಾದರು. ಮರುದಿನ ಮಹಾಯುದ್ಧ ಆರಂಭವಾಯಿತು! ಕೆಲವು ದಿನ ತಡವಾಗಿದ್ದರೆ ಅವರು ಶತ್ರುರಾಷ್ಟ್ರದ ಪ್ರಜೆಯಾಗಿಯೇ ಉಳಿಯುತ್ತಿದ್ದರು. ಮುಂದೆ 1940ರ ದಶಕದಲ್ಲಿ ಸ್ಫಟಿಕಗಳ ಕಂಪನದ ವಿಚಾರದಲ್ಲಿ ರಾಮನ್ನರಿಗೂ ಬಾರ್ನರಿಗೂ ತೀವ್ರವಾದ ವಾಗ್ವಾದ ನಡೆಯಿತೆಂಬುದು ಬೇರೆ ಕಥೆ. ಸ್ನೇಹಿತರ ಜಗಳಕ್ಕೆ ಖಾರ ಹೆಚ್ಚು.

ಈ ಪ್ರಸಂಗ ಹಳೆಯದಾದರೂ ಇದರ ನೋವು ಹೆಬ್ಬಾಳ, ಯಲಹಂಕ, ಆರ್. ಟಿ. ನಗರದ ಮನೆಗಳಿಗೆ ಅಪರಿಚಿತವಲ್ಲ. ಮಗನೋ ಮಗಳೋ ವಿದೇಶದಲ್ಲಿ ಕೆಲಸ ಹುಡುಕುತ್ತಿರುವ ಮನೆಗಳು ಈಗ ಇಲ್ಲಿ ಬೀದಿಬೀದಿಗೂ ಇವೆ. ಇಲ್ಲಿ ಎಂಜಿನಿಯರಾಗಿ ಹತ್ತು ವರ್ಷ ದುಡಿದವನು ಕೆನಡಾಕ್ಕೆ ಹೋದರೆ, ಪ್ರಾಂತದ ಪರವಾನಗಿ ದೊರೆಯುವವರೆಗೆ ತಾನು ಎಂಜಿನಿಯರ್ ಎಂದು ಹೇಳಿಕೊಳ್ಳುವಂತಿಲ್ಲ. ಆ ಪರವಾನಗಿಗೆ ಬಹುಕಾಲ ಕೆನಡಾದಲ್ಲಿಯೇ ದುಡಿದ ಅನುಭವ ಬೇಕಾಗಿತ್ತು. ಅನುಭವಕ್ಕೆ ಕೆಲಸ ಬೇಕಾಗಿತ್ತು. ಕೆಲಸ ಕೊಡುವವರು ಮೊದಲು ಪರವಾನಗಿಯನ್ನು ಕೇಳುತ್ತಿದ್ದರು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಒಂಟಾರಿಯೋ ಪ್ರಾಂತದ ಎಂಜಿನಿಯರುಗಳ ಮಂಡಲಿ ಈ ಸ್ವದೇಶಾನುಭವದ ಕಟ್ಟಳೆಯನ್ನು ಕೈಬಿಟ್ಟದ್ದು 2023ರಲ್ಲಿ. ಹಿಂದೆ ಬಾರ್ನರನ್ನು ಹೊರಗಟ್ಟಿದ ಜರ್ಮನಿಯೇ 2012ರಲ್ಲಿ ಪರದೇಶದ ವೃತ್ತಿ ಅರ್ಹತೆಗಳನ್ನು ಪರಿಶೀಲಿಸಿ ಮನ್ನಿಸುವುದಕ್ಕಾಗಿ ಒಂದು ಕಾನೂನನ್ನು ಜಾರಿಗೆ ತಂದಿತು. ಇಂದು ಬೆಂಗಳೂರಿನ ಯುವಕರು ಜರ್ಮನ್ ಭಾಷೆಯ ತರಗತಿಗಳಲ್ಲಿ ಕುಳಿತಿದ್ದಾರೆ. ಕಾಲಚಕ್ರ ತಿರುಗಿದ ಪರಿ ಇದು.

ಹಾಗಾದರೆ ಪರದೇಶಿಗೆ ನೆಲೆ ಸಿಗುವುದು ಎಲ್ಲಿ? ಉತ್ತರ ಬೆಂಗಳೂರಿನಲ್ಲಿಯೇ ಅದಕ್ಕೆ ಉತ್ತರವೂ ಉಂಟು. ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಕೆಲಸಕ್ಕೆ ಸೇರಿದರು. ಅವರನ್ನು ಯಾರೂ ಓಡಿಸಿರಲಿಲ್ಲ, ತಾವಾಗಿ ಬಂದವರು. ಆಗ ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗದಿಂದ ಕಂಗೆಟ್ಟಿದ್ದರು. ಆಷಾಢದ ಮಳೆ ಹಿಡಿಯಿತೆಂದರೆ ಎಳೆಯ ಕಾಯಿಗಳು ಕೊಳೆತು ಉದುರಿ, ತೋಟದ ನೆಲವೆಲ್ಲ ಅಡಿಕೆಯ ಹಾಸಾಗುತ್ತಿತ್ತು. ಗೊನೆಗೊನೆಗೂ ಕೊಟ್ಟೆ ಕಟ್ಟುವುದೊಂದೇ ಅವರಿಗೆ ತಿಳಿದಿದ್ದ ಉಪಾಯ. ಕೋಲ್ಮನ್ನರು ರೋಗಕ್ಕೆ ಮೂಲವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಮಲೆನಾಡಿನಲ್ಲಿ ಇಂದಿಗೂ ಮಳೆಗಾಲದ ಮುನ್ನ ಅದೇ ನೀಲಿ ಔಷಧಿ ಮರವೇರುತ್ತದೆ. ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದವರೂ ಅವರೇ. 1913ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ಶಾಲೆ ಬೆಳೆದು ಕಾಲೇಜಾಗಿ, ಮುಂದೆ ವಿಶ್ವವಿದ್ಯಾನಿಲಯಕ್ಕೆ ತಳಹದಿಯಾಯಿತು. ಇಲ್ಲಿ ಗಮನಿಸಬೇಕಾದದ್ದು ಒಂದು. ಅಡಿಕೆ ಉದುರುತ್ತಿತ್ತು; ನಿಲ್ಲಿಸಬಲ್ಲವನು ಬೇಕಾಗಿದ್ದ. ಆತ ಎಲ್ಲಿಯವನೆಂದು ಕೇಳುವ ವ್ಯವಧಾನ ಬೆಳೆಗಾರನಿಗಿರಲಿಲ್ಲ.

ಬಾರ್ನರ ಮನೆತನದಲ್ಲಿಯೇ ಇಂತಹ ಭಾಗ್ಯ ಇನ್ನೊಬ್ಬರ ಪಾಲಿಗೆ ಕಾದಿತ್ತು. ಅವರ ತಂಗಿ ಕೇಟೆಯ ಮಗ ಆಟೋ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ವಾಸ್ತುಶಿಲ್ಪವನ್ನು ಕಲಿತವನು. 1933ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಪ್ರತಿಷ್ಠಿತವಾದ ಷಿಂಕೆಲ್ ಪಾರಿತೋಷಕ ಕೈಗೆ ಬಂದಿತು. ಅದೇ ವರ್ಷ ಸರ್ಕಾರಿ ಕೆಲಸ ಕೈಬಿಟ್ಟಿತು. ಸೋದರಮಾವನನ್ನು ಹೊರಗಟ್ಟಿದ ಶಾಸನವೇ ಸೋದರಳಿಯನನ್ನೂ ಹೊರಗಟ್ಟಿತು. ತರುಣನು ಈಜಿಪ್ಟಿಗೆ ಹೋದನು. ಕಟ್ಟುವ ಕೆಲಸ ಸಿಗದೆ, ಹಿಂದಿನವರು ಕಟ್ಟಿದ್ದನ್ನು ಅಳೆಯುವ ಪುರಾತತ್ತ್ವದ ಕೆಲಸವನ್ನು ಹಿಡಿದು, ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತು ಪ್ರೌಢ ಪ್ರಬಂಧವನ್ನೇ ಬರೆದನು. 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಆತನನ್ನು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ಮಿರ್ಜಾ ಅವರಿಗೆ ಕಟ್ಟಿಸಬೇಕಾದದ್ದು ಬೇಕಾದಷ್ಟಿತ್ತು, ಕಟ್ಟಬಲ್ಲವನು ಬೇಕಾಗಿದ್ದ.

ಕೆಲಸವೇನೋ ದೊರೆಯಿತು. ಆದರೆ ಬರ್ಲಿನ್ನಿನಲ್ಲಿ ಕಲಿತ ವಿದ್ಯೆ ಬೆಂಗಳೂರಿನಲ್ಲಿ ಹಾಗೆಯೇ ನಡೆಯುವಂತಿರಲಿಲ್ಲ. ಬರ್ಲಿನ್ ಇರುವುದು 52ನೆಯ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ; ದಕ್ಷಿಣಕ್ಕೆ ದೊಡ್ಡ ಕಿಟಕಿಯನ್ನಿಟ್ಟು ಬಿಸಿಲನ್ನು ಒಳಗೆ ಕರೆದುಕೊಳ್ಳುವುದೇ ಅಲ್ಲಿಯ ಜಾಣತನ. ಬೆಂಗಳೂರು 13ನೆಯ ಅಕ್ಷಾಂಶದ ಊರು. ಏಪ್ರಿಲ್ ಕೊನೆಯ ವಾರ ಸೂರ್ಯ ನಡುನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮಧ್ಯ ಕಳೆಯುವವರೆಗೆ ಉತ್ತರದ ಕಡೆಗೇ ವಾಲಿರುತ್ತಾನೆ. ಇಲ್ಲಿ ಕಟ್ಟುವವನು ಬಿಸಿಲನ್ನು ಕರೆಯುವುದನ್ನು ಮರೆತು ತಡೆಯುವುದನ್ನು ಕಲಿಯಬೇಕು. ಪೂರ್ವ ಪಶ್ಚಿಮದ ಗೋಡೆಗಳನ್ನು ಕಿರಿದು ಮಾಡಿ, ಉದ್ದನೆಯ ಗೋಡೆಗಳನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿ, ಕಿಟಕಿಯ ಮೇಲೆ ಅಗಲವಾದ ಸಜ್ಜೆಗಳನ್ನು ಚಾಚಿ, ಗಾಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುವಂತೆ ಎದುರುಬದುರು ಕಂಡಿಗಳನ್ನು ಬಿಡಬೇಕು. ನಮ್ಮ ಹಳ್ಳಿಯ ಗಾರೆ ಕೆಲಸದವನು ತಾತನಿಂದ ಕಲಿತ ಸಂಗತಿಗಳನ್ನು ಈ ಪದವೀಧರ ಹೊಸದಾಗಿ ಕಲಿಯಬೇಕಾಯಿತು. ಅದರ ಮೇಲೆ ಯುದ್ಧಕಾಲ. ಉಕ್ಕು ಸಿಮೆಂಟುಗಳೆಲ್ಲ ಸೈನ್ಯದ ಕೆಲಸಕ್ಕೆ ಮೀಸಲು.

ಅಭಿರುಚಿಯ ಪ್ರಶ್ನೆಯೂ ಇತ್ತು. ಬೃಂದಾವನದ ಕಾರಂಜಿಗಳನ್ನು ಚಿಮ್ಮಿಸಿದ ಮಿರ್ಜಾ ಅವರಿಗೆ ಅಲಂಕಾರ ಪ್ರಿಯ. ಬರ್ಲಿನ್ನಿನ ಹೊಸ ಪಂಥದಲ್ಲಿ ಬೆಳೆದವನಿಗೆ ಗುಮ್ಮಟ ಕಮಾನುಗಳೆಂದರೆ ಹಳೆಯ ಕಾಲದ ಆಭರಣ. ಸಂಬಳ ಕೊಡುವವರ ಮನಸ್ಸನ್ನೂ ತನ್ನ ಶಾಸ್ತ್ರವನ್ನೂ ಏಕಕಾಲಕ್ಕೆ ಉಳಿಸಿಕೊಳ್ಳುವ ಕಷ್ಟ ಹೊಟ್ಟೆಪಾಡಿಗೆ ಪರದೇಶ ಸೇರಿದವರಿಗೆಲ್ಲ ಗೊತ್ತು.

ಮಾವನಿಗೆ ಮಣೆ ಹಾಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿಯೇ ಅಳಿಯನು 1940ರ ದಶಕದಲ್ಲಿ ಕಟ್ಟಡಗಳ ನಕ್ಷೆ ಬರೆದನು. 1942ರಲ್ಲಿ ತೆರೆದ ವಿಮಾನಶಾಸ್ತ್ರ ವಿಭಾಗ, ಲೋಹಶಾಸ್ತ್ರ ವಿಭಾಗ, ವಿದ್ಯಾರ್ಥಿಗಳ ಭೋಜನಶಾಲೆ ಮತ್ತು ಸಭಾಂಗಣ ಆತನ ಕೃತಿಗಳು. ಮಾವ ಕಣ್ಣೀರು ಹಾಕಿದ ಆವರಣದಲ್ಲಿ ಅಳಿಯ ನೂರಾರು ಹುಡುಗರಿಗೆ ಊಟದ ಮನೆಯನ್ನು ಕಟ್ಟಿಕೊಟ್ಟನು! ಕಾದಂಬರಿಕಾರನು ಹೀಗೆ ಬರೆದಿದ್ದರೆ ಓದುಗರು ನಂಬುತ್ತಿದ್ದರೋ ಇಲ್ಲವೋ.

ಮೈಸೂರಿನ ಅನುಭವ ಆತನ ಹೊಸ ಅರ್ಹತಾಪತ್ರವಾಯಿತು. ಟಾಟಾ ಕಂಪೆನಿ ಜಮ್‌ಷೆಡ್‌ಪುರದ ನಗರ ಯೋಜನೆಗೆ ಆತನನ್ನು ಕರೆಯಿತು. 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ಯೋಜನೆಯೂ ಆತನದೇ. ಅದೇ ವರ್ಷ ಕೇಂದ್ರ ಸರ್ಕಾರ ಅವರನ್ನು ವಸತಿ ನಿರ್ದೇಶಕರನ್ನಾಗಿ ನೇಮಿಸಿಕೊಂಡಿತು. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ನಿರಾಶ್ರಿತರಿಗೆ ವಸತಿ ಕಲ್ಪಿಸುವ ಹೊಣೆ, ಹದಿನೈದು ವರ್ಷಗಳ ಹಿಂದೆ ತಾವೇ ನಿರಾಶ್ರಿತರಾಗಿದ್ದವರ ಹೆಗಲೇರಿತು. ಎಲ್ಲವೂ ಕೈಗೂಡಿತೆಂದಲ್ಲ. ಗೋಡೆಯ ಫಲಕಗಳನ್ನು ಕಾರ್ಖಾನೆಯಲ್ಲಿಯೇ ತಯಾರಿಸಿ ಮನೆಗಳನ್ನು ಬೇಗಬೇಗ ಜೋಡಿಸುವ ದೆಹಲಿಯ ಪ್ರಯತ್ನ ವಿಫಲವಾಗಿ, ಪಾರ್ಲಿಮೆಂಟಿನಲ್ಲಿ ಟೀಕೆಗೆ ಗುರಿಯಾಯಿತು. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ಹೊರಟರು. ಮತ್ತೆ ಹೊಸ ದೇಶ, ಮತ್ತೆ ಕೆಲಸದ ಹುಡುಕಾಟ.

ಆದರೆ ಈ ಬಾರಿ ಅವರ ಕೈಯಲ್ಲಿ ಇತರರಲ್ಲಿ ಇಲ್ಲದ ಬಂಡವಾಳವೊಂದಿತ್ತು. ನೈಜೀರಿಯಾದಿಂದ ಬಂದ ವಿದ್ಯಾರ್ಥಿಯೊಬ್ಬ, ಇಂಗ್ಲೆಂಡಿನಲ್ಲಿ ಕಲಿಸುವ ವಾಸ್ತುಶಿಲ್ಪ ತನ್ನ ಊರಿನ ಬಿಸಿಲು ಮಳೆಗಳಿಗೆ ಒದಗುವುದಿಲ್ಲವೆಂದು ಆಕ್ಷೇಪವೆತ್ತಿದ್ದನು. ಅದರಿಂದ ಹುಟ್ಟಿದ ಚರ್ಚೆಯ ಫಲವಾಗಿ ಉಷ್ಣವಲಯದ ವಾಸ್ತುಶಿಲ್ಪಕ್ಕೆಂದೇ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ 1954ರಲ್ಲಿ ಒಂದು ವಿಭಾಗ ತೆರೆಯಿತು. ಅದೇ 1954ರಲ್ಲಿ, ಇಪ್ಪತ್ತೆಂಟು ವರ್ಷಗಳ ಹಿಂದಿನ ಸಂಶೋಧನೆಗಾಗಿ, ಮಾವ ಮ್ಯಾಕ್ಸ್ ಬಾರ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ಕೋನಿಗ್ಸ್‌ಬರ್ಗರ್ 1957ರಿಂದ ಆ ವಿಭಾಗದ ಮುಖ್ಯಸ್ಥರಾದರು. ಏಷ್ಯ, ಆಫ್ರಿಕ ಖಂಡಗಳಿಂದ ಬಂದ ತರುಣರು ಕಿಟಕಿಯನ್ನು ಯಾವ ದಿಕ್ಕಿಗಿಡಬೇಕು, ಸಜ್ಜೆಯನ್ನು ಎಷ್ಟು ಚಾಚಬೇಕು ಎಂಬುದನ್ನು ಅವರ ಬಳಿ ಅಭ್ಯಾಸ ಮಾಡಿದರು. ಆ ಪಾಠಗಳೇ ಮುಂದೆ 1974ರಲ್ಲಿ, ಮೂವರು ಸಹೋದ್ಯೋಗಿಗಳೊಡನೆ ಅವರು ಬರೆದ ಪಠ್ಯಗ್ರಂಥವಾಗಿ ಅಚ್ಚಾದವು. ನಮ್ಮ ದೇಶದ ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳೂ ಆ ಗ್ರಂಥವನ್ನು ಓದಿದವರೇ.