ಕ್ಯಾನ್ಸರ್ ರೋಗಿಗಳೂ ಮೊಬೈಲ್ ಆ್ಯಪುಗಳೂ

ಕ್ಯಾನ್ಸರ್ ರೋಗದ ಚಿಕಿತ್ಸೆಯು ಆಸ್ಪತ್ರೆಯಲ್ಲಿ ನಡೆಯುವುದೆಂದು ನಾವೆಲ್ಲರೂ ಭಾವಿಸಿರುತ್ತೇವೆ. ವಾಸ್ತವದಲ್ಲಿ ಅದರ ಕಷ್ಟಭಾಗವೆಲ್ಲವೂ ಕಳೆಯುವುದು ರೋಗಿಯ ಮನೆಯಲ್ಲಿ. ಕೀಮೋಥೆರಪಿಯ ಔಷಧವನ್ನು ಕೊಟ್ಟು, ಎರಡು ಮೂರು ವಾರಗಳ ತರುವಾಯ ಬರತಕ್ಕದ್ದೆಂದು ಹೇಳಿ ಕಳುಹಿಸುವರು. ಆ ನಡುವಣ ದಿನಗಳಲ್ಲಿಯೇ ವಾಂತಿ, ಭೇದಿ, ಬಾಯಿಹುಣ್ಣು, ನೋವು, ನಿತ್ರಾಣಗಳು ತಲೆದೋರುವುವು. ಸಾಮಾನ್ಯವಾಗಿ 7ರಿಂದ 14 ದಿನಗಳೊಳಗೆ ರಕ್ತದ ಬಿಳಿಯ ಕಣಗಳು ಬಹಳವಾಗಿ ಕುಗ್ಗುವುವು. ಆಗ ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯವೊದಗಬಹುದು. ಮನೆಯವರಾದರೋ ಅದನ್ನು ಸಾಮಾನ್ಯ ಜ್ವರವೆಂದು ತಿಳಿದು, ಒಂದು ಮಾತ್ರೆಯನ್ನು ನುಂಗಿಸಿ, ಬೆಳಗಾಗಲೆಂದು ಕಾಯುವರು. ಈ ಒಂದು ರಾತ್ರಿಯ ವಿಳಂಬಕ್ಕೆ ಪರಿಹಾರವೇನು?

ಅಮೆರಿಕೆಯ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡಾಕ್ಟರ್ ಈಥನ್ ಬ್ಯಾಶ್ ಅವರೂ ಸಂಗಡಿಗರೂ ನಡೆಸಿದ ಪ್ರಯೋಗವು ಈ ವಿಷಯದಲ್ಲಿ ಗಮನಾರ್ಹವಾದುದು. ವ್ಯಾಪಿಸಿದ ಕ್ಯಾನ್ಸರಿನ 766 ರೋಗಿಗಳಲ್ಲಿ ಒಂದು ಪಂಗಡದವರು ತಮ್ಮ 12 ಲಕ್ಷಣಗಳನ್ನು ಕಂಪ್ಯೂಟರ್ ಮೂಲಕ ತಾವೇ ತಿಳಿಸುತ್ತಿದ್ದರು. ಲಕ್ಷಣವು ಉಲ್ಬಣಿಸಿದೊಡನೆ ನರ್ಸಿಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಪಂಗಡದವರ ಮಧ್ಯಮಾನ ಜೀವಿತಕಾಲವು 31.2 ತಿಂಗಳು, ಉಳಿದವರದು 26 ತಿಂಗಳು. ಹೊಸ ಔಷಧವಲ್ಲ, ಹೇಳಿದ ಮಾತನ್ನು ಹೊತ್ತಿಗೆ ಸರಿಯಾಗಿ ಕೇಳಿದುದಷ್ಟೇ ಇಲ್ಲಿಯ ವಿಶೇಷ. ಕಂಪ್ಯೂಟರ್ ಬಳಕೆಯಿಲ್ಲದವರಿಗೇ ಹೆಚ್ಚು ಪ್ರಯೋಜನವಾಯಿತೆಂಬುದು ನಮ್ಮವರು ನೆನಪಿಡತಕ್ಕ ಸಂಗತಿ.

ಹಾಗೆಂದು ಇದನ್ನು ಸಂಜೀವಿನಿಯೆಂದು ಸಾರುವುದು ತರವಲ್ಲ. ಅದೇ ದೇಶದ 52 ಚಿಕಿತ್ಸಾಲಯಗಳಲ್ಲಿ 1191 ರೋಗಿಗಳ ಮೇಲೆ ನಡೆದ ಮತ್ತೊಂದು ಪ್ರಯೋಗದಲ್ಲಿ ದೇಹಶಕ್ತಿಯೂ ಜೀವನದ ನೆಮ್ಮದಿಯೂ ಸುಧಾರಿಸಿದುವೆಂದು 2022ರಲ್ಲಿ ವರದಿಯಾಯಿತು. ಆಯುಸ್ಸು ಮಾತ್ರ ಗಣನೀಯವಾಗಿ ಹೆಚ್ಚಿದಂತೆ ಅನಂತರದ ವರದಿಯಲ್ಲಿ ಕಂಡುಬರಲಿಲ್ಲ. ಅಲ್ಲಿ ರೋಗಿಯು ಅಂತರ್ಜಾಲವನ್ನಾಗಲಿ, ಪ್ರಶ್ನೆ ಕೇಳುವ ಸಾಧಾರಣ ಟೆಲಿಫೋನ್ ಕರೆಯನ್ನಾಗಲಿ ಆರಿಸಿಕೊಳ್ಳಬಹುದಾಗಿತ್ತು. ಇದು ಅನುಕರಣೀಯವಾದ ವಿವೇಕ.

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. 2022ನೆಯ ವರ್ಷವೊಂದರಲ್ಲಿಯೇ ಭಾರತದಲ್ಲಿ ಸುಮಾರು 14.6 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಂದಾಜು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ದೂರದ ಜಿಲ್ಲೆಗಳಿಂದ ಬಂದು ಹೋಗುವವರ ಪಾಡನ್ನು ಬಣ್ಣಿಸಬೇಕಾಗಿಲ್ಲ. ಇಂಥವರಿಗಾಗಿ ಆ್ಯಪನ್ನು ರಚಿಸುವವರು ಮೊದಲು ಮನೆಯನ್ನು ನೋಡಬೇಕು. ಅಲ್ಲಿ ಫೋನು ಒಂದೇ. ಅದು ಮಗನ ಕೈಯಲ್ಲಿ. ರೋಗದ ಹೆಸರನ್ನು ತಾಯಿಗೆ ತಿಳಿಸಿಲ್ಲ. ಹೀಗಿರಲಾಗಿ ಪರದೆಯ ಮೇಲೆ ದೊಡ್ಡಕ್ಷರಗಳಲ್ಲಿ ರೋಗದ ಹೆಸರು ಮೂಡಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅಂಕಿಗಳನ್ನೊತ್ತಿ ನೋವನ್ನಳೆಯಿರಿ ಎನ್ನುವುದಕ್ಕಿಂತ 'ಇಲ್ಲ, ಸ್ವಲ್ಪ, ಬಹಳ, ತಡೆಯಲಾರೆ' ಎಂದು ಕನ್ನಡದಲ್ಲಿ ಕೇಳುವ ಧ್ವನಿಯೇ ಮೇಲು. 'ಕೈಕಾಲು ಜೋಮು ಹಿಡಿಯುತ್ತಿದೆಯೇ?' ಎಂದರೆ ಓದುಬರಹವಿಲ್ಲದವರಿಗೂ ಅರ್ಥವಾಗುವುದು. ಇಂಗ್ಲಿಷಿನಿಂದ ತಂದ ಶಾಸ್ತ್ರೀಯ ಪದವನ್ನು ಪಂಡಿತರೂ ಅರಿಯರು. ಅಂತರ್ಜಾಲ ದೊರೆಯದೆಡೆಯಲ್ಲಿಯೂ ಅದು ಕೆಲಸ ಮಾಡಬೇಕು. ರೋಗಿಯ ಗುಟ್ಟು ವ್ಯಾಪಾರಿಗಳ ಪಾಲಾಗಕೂಡದು. ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದು 2023ರಲ್ಲಿ ಶಾಸನವಾಗಿದೆಯಾದರೂ ಅದನ್ನು ಪಾಲಿಸುವ ಮನಸ್ಸೂ ಬೇಕು.

ಎಲ್ಲಕ್ಕಿಂತ ಮಿಗಿಲಾದ ಮಾತು ಒಂದಿದೆ. ರೋಗಿಯು ರಾತ್ರಿ ಎರಡು ಗಂಟೆಗೆ ಜ್ವರವೆಂದು ತಿಳಿಸಿದರೆ ಅತ್ತ ಓದುವವರಾರು? ಓದುವವರಿಲ್ಲದ ಆ್ಯಪು ಅರಣ್ಯರೋದನವಲ್ಲದೆ ಮತ್ತೇನು? ಸೂಚನೆ ಹೋಗಿದೆಯೆಂಬ ಭರವಸೆಯಿಂದ ಮನೆಯವರು ಸುಮ್ಮನಿದ್ದುಬಿಟ್ಟರೆ ಅದು ಅಜ್ಞಾನಕ್ಕಿಂತಲೂ ಘಾತುಕ. ಆದುದರಿಂದ ಆ್ಯಪಿಗೆ ಹಣವನ್ನು ಮಂಜೂರು ಮಾಡುವ ಅಧಿಕಾರಿಗಳು ಅದೇ ಆಜ್ಞೆಯಲ್ಲಿ ಉತ್ತರ ಕೊಡುವ ನರ್ಸಿನ ಸಂಬಳಕ್ಕೂ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ರಾತ್ರಿಗೆ ಬೇಕಾದ ಔಷಧಕ್ಕೂ ಏರ್ಪಾಡು ಮಾಡತಕ್ಕದ್ದು. ಉದ್ಘಾಟನೆಯ ದಿನದ ಭಾಷಣಗಳಿಂದ ಯಾರ ಜ್ವರವೂ ಇಳಿಯದು. ಯಂತ್ರವು ಕೂಗನ್ನು ಮುಟ್ಟಿಸಬಲ್ಲದು, ಓಗೊಡಬೇಕಾದವನು ಮನುಷ್ಯನೇ. ಈ ಸಂಗತಿಯನ್ನು ಸಂಬಂಧಪಟ್ಟವರು ಮರೆಯಲಾರರೆಂದು ನಂಬಿದ್ದೇವೆ.